ಚಿಕ್ಕ ನಾಯಿಯ ಹೊಟ್ಟೆ ಪದೇ ಪದೇ ಕೆಡುತ್ತಿದ್ದರೆ: ಕಾರಣ ಹುಡುಕುವ ಕ್ರಮ

ಪಾಮರೇನಿಯನ್, ಶಿತ್ಸು, ಲಾಸಾ, ಡ್ಯಾಶ್‌ಹುಂಡ್ ಮುಂತಾದ ಚಿಕ್ಕ ನಾಯಿಗಳನ್ನು ಸಾಕಿರುವ ಮನೆಗಳಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ನಾಯಿಗೆ ಭೇದಿ ಶುರುವಾಗುತ್ತದೆ, ಆಸ್ಪತ್ರೆಗೆ ಒಯ್ದು ಇಂಜೆಕ್ಷನ್ ಹಾಕಿಸುತ್ತಾರೆ, ಎರಡು ದಿನಗಳಲ್ಲಿ ಗುಣವಾಗುತ್ತದೆ, ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ತೊಂದರೆ ಮರಳಿ ಬರುತ್ತದೆ. ಪ್ರತಿ ಸಲವೂ ಅದನ್ನು ಹೊಸ ಕಾಯಿಲೆಯೆಂದೇ ಎಣಿಸಿ ಚಿಕಿತ್ಸೆ ಕೊಡಿಸುವುದರಿಂದ, ಎಲ್ಲ ಸರದಿಗಳ ಹಿಂದೆಯೂ ಇರಬಹುದಾದ ಒಂದೇ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಜೆಕ್ಷನ್‌ನಿಂದಲೇ ಗುಣವಾಯಿತು ಎಂಬ ನಂಬಿಕೆಯೂ ಅನೇಕ ಸಲ ಸರಿಯಲ್ಲ, ಏಕೆಂದರೆ ಸಾಧಾರಣ ಭೇದಿ ಹೆಚ್ಚಿನ ನಾಯಿಗಳಲ್ಲಿ ಔಷಧವಿಲ್ಲದೆಯೂ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಮೆಟ್ರೊನಿಡಜೋಲ್‌ನಂತಹ ಆಂಟಿಬಯಾಟಿಕ್ ಔಷಧಿಯನ್ನು ಅಗತ್ಯವಿಲ್ಲದೆ ಪದೇ ಪದೇ ಕೊಟ್ಟರೆ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳ ಸಮತೋಲ ಕೆಡುತ್ತದೆ ಮತ್ತು ಅದು ಸರಿಹೋಗಲು ವಾರಗಳೇ ಬೇಕಾಗುತ್ತವೆ.

ಆದ್ದರಿಂದ ಮೂರು ವಾರಗಳಿಗಿಂತ ಹೆಚ್ಚು ಕಾಲ ಎಡೆಬಿಡದೆ ಅಥವಾ ಬಿಟ್ಟು ಬಿಟ್ಟು ಕಾಡುವ ವಾಂತಿ–ಭೇದಿಯನ್ನು ಪಶುವೈದ್ಯರು ದೀರ್ಘಕಾಲದ ತೊಂದರೆಯೆಂದು ಬೇರೆಯಾಗಿಯೇ ಪರಿಗಣಿಸುತ್ತಾರೆ. ಅಲ್ಲಿಂದ ಮುಂದೆ ಭೇದಿ ನಿಲ್ಲಿಸುವುದಷ್ಟೇ ಗುರಿಯಾಗಿ ಉಳಿಯುವುದಿಲ್ಲ. ಅದು ಏಕೆ ಮರಳಿ ಬರುತ್ತಿದೆ ಎಂಬುದನ್ನು ಒಂದು ಕ್ರಮದಲ್ಲಿ, ಒಂದು ಬಾರಿಗೆ ಒಂದೇ ಬದಲಾವಣೆ ಮಾಡುತ್ತಾ ಹುಡುಕಬೇಕಾಗುತ್ತದೆ. ಆಹಾರ ಬದಲಿಸಿ, ಅದೇ ದಿನ ಹುಳುವಿನ ಮಾತ್ರೆಯನ್ನೂ ಕೊಟ್ಟು, ಜೊತೆಗೆ ಮೊಸರನ್ನೂ ನಿಲ್ಲಿಸಿದರೆ ನಾಯಿ ಸುಧಾರಿಸಬಹುದು, ಆದರೆ ಮೂರರಲ್ಲಿ ಯಾವುದರಿಂದ ಸುಧಾರಿಸಿತೆಂದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಸರದಿಯಲ್ಲಿ ಹುಡುಕಾಟವನ್ನು ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ.

ಹುಡುಕಾಟಕ್ಕೂ ಮೊದಲು: ಕಾಯಬಾರದ ಲಕ್ಷಣಗಳು

ಚಿಕ್ಕ ನಾಯಿಯ ದೇಹದಲ್ಲಿ ನೀರಿನ ಸಂಗ್ರಹ ಕಡಿಮೆ. ಲ್ಯಾಬ್ರಡಾರ್ ಒಂದು ರಾತ್ರಿ ತಡೆದುಕೊಳ್ಳಬಲ್ಲ ಭೇದಿಯನ್ನು 3 ಕಿಲೋ ತೂಕದ ನಾಯಿ ತಡೆದುಕೊಳ್ಳಲಾರದು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದೆ ಹೊರಬರುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಗಾಗಿ ಅಂಟಂಟಾಗಿದ್ದರೆ, ಹೊಟ್ಟೆ ಉಬ್ಬಿ ಮುಟ್ಟಿದರೆ ನೋವಿನಿಂದ ಕಿರುಚಿದರೆ, ವಸಡು ಬಿಳಿಚಿಕೊಂಡಿದ್ದರೆ, ನಿಂತಲ್ಲೇ ತೂರಾಡಿದರೆ, ಬಟ್ಟೆ, ಎಲುಬು, ಮಾವಿನ ವಾಟೆ, ಮುಸುಕಿನ ಜೋಳದ ದಿಂಡು ಇಂಥದ್ದನ್ನು ನುಂಗಿರುವ ಅನುಮಾನವಿದ್ದರೆ, ಈ ಬರಹವನ್ನು ಬದಿಗಿಟ್ಟು ನೇರವಾಗಿ ಪಶು ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ಮಾವಿನ ವಾಟೆ ಚಿಕ್ಕ ನಾಯಿಯ ಕರುಳಿಗೆ ನಿಜವಾದ ಅಪಾಯ. ನೆಕ್ಕಲು ಕೊಟ್ಟ ವಾಟೆ ಜಾರಿ ಒಳಗೆ ಹೋದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಶಸ್ತ್ರಚಿಕಿತ್ಸೆಯಿಲ್ಲದೆ ಬಿಡಿಸುವುದು ಕಷ್ಟವಾಗುತ್ತದೆ.

ಚಿಕ್ಕ ತಳಿಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ತುರ್ತು ಸ್ಥಿತಿಯಿದೆ. ಬೆಳಿಗ್ಗೆ ಚೆನ್ನಾಗಿಯೇ ಇದ್ದ ನಾಯಿ ಇದ್ದಕ್ಕಿದ್ದಂತೆ ವಾಂತಿ ಮಾಡಿ, ಕೆಲವೇ ಗಂಟೆಗಳಲ್ಲಿ ಕೆಂಪು ಜ್ಯಾಮ್‌ನಂತಹ ರಕ್ತಭೇದಿಯನ್ನು ಮಾಡತೊಡಗುತ್ತದೆ. ಕರುಳಿನ ಮೂಲಕ ದ್ರವ ಅತಿ ವೇಗವಾಗಿ ಸೋರಿ ರಕ್ತ ಮಂದವಾಗುವುದರಿಂದ, ಚರ್ಮ ಎಳೆದು ನೋಡಿದರೆ ನಿರ್ಜಲೀಕರಣ ಕಾಣದಿದ್ದರೂ ನಾಯಿ ಆಘಾತಕ್ಕೆ (ಶಾಕ್) ಜಾರುತ್ತಿರಬಹುದು. ಡ್ರಿಪ್ ಬೇಗ ಸಿಕ್ಕರೆ ಇಂಥ ನಾಯಿಗಳಲ್ಲಿ ಹೆಚ್ಚಿನವು ಒಂದೆರಡು ದಿನಗಳಲ್ಲಿ ಎದ್ದು ಓಡಾಡುತ್ತವೆ. ಬೆಳಗಾಗಲಿ ಎಂದು ಕಾದರೆ ಆ ಅವಕಾಶ ಕೈತಪ್ಪಬಹುದು. ಲಸಿಕೆ ಪೂರ್ಣವಾಗದ ಮರಿಯಲ್ಲಿ ವಾಂತಿ ಮತ್ತು ರಕ್ತಭೇದಿ ಕಂಡರೆ ಪಾರ್ವೊ ಎಂಬ ವೈರಸ್ ರೋಗ ಇಲ್ಲವೆಂದು ಖಚಿತವಾಗುವವರೆಗೂ ಪಾರ್ವೊ ಎಂದೇ ತಿಳಿದು ನಡೆದುಕೊಳ್ಳಬೇಕು ಮತ್ತು ಬೇರೆ ನಾಯಿಗಳಿಂದ ಅದನ್ನು ದೂರವಿಡಬೇಕು.

ಹೊಟ್ಟೆ ಕೆಟ್ಟಾಗ ಉಪವಾಸ ಕೆಡವುವ ರೂಢಿ ನಮ್ಮಲ್ಲಿದೆ. ಪುಟ್ಟ ತಳಿಯ ಮರಿಗಳಿಗೆ ಇದನ್ನು ಎಂದೂ ಮಾಡಬಾರದು. ಅವುಗಳ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಅತ್ಯಲ್ಪವಾದ್ದರಿಂದ ಕೆಲವೇ ಗಂಟೆಗಳ ಉಪವಾಸದಿಂದ ರಕ್ತದ ಸಕ್ಕರೆ ಕುಸಿದು ನಡುಕ, ಫಿಟ್ಸ್ ಬರಬಹುದು. ಹಾಗೆಯೇ ಮನುಷ್ಯರ ಮಾತ್ರೆ ಡಬ್ಬಿಯನ್ನೂ ತೆರೆಯಬಾರದು: ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಮತ್ತು ಚಿಕ್ಕ ನಾಯಿಗೆ ಅರ್ಧ ಮಾತ್ರೆಯೂ ಹೆಚ್ಚಿನ ಪ್ರಮಾಣವೇ.

ಮೊದಲ ಪ್ರಶ್ನೆ: ಆಗುತ್ತಿರುವುದು ನಿಜಕ್ಕೂ ಏನು

ನಾಯಿ ವಾಂತಿ ಮಾಡುತ್ತಿದೆ ಎಂದು ಮನೆಯವರು ಹೇಳುವಾಗ ಅದು ಮೂರು ಬೇರೆ ಬೇರೆ ಸಂಗತಿಗಳಲ್ಲಿ ಯಾವುದೂ ಆಗಿರಬಹುದು, ಮತ್ತು ಮೂರಕ್ಕೂ ಹುಡುಕಬೇಕಾದ ಜಾಗ ಬೇರೆ. ವಾಂತಿಯಲ್ಲಿ ನಾಯಿ ಮೊದಲು ಜೊಲ್ಲು ಸುರಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಆಮೇಲೆ ಹೊಟ್ಟೆಯ ಸ್ನಾಯುಗಳು ಜೋರಾಗಿ ಸಂಕುಚಿಸಿ ಒಳಗಿನದು ಹೊರಬರುತ್ತದೆ. ಎರಡನೆಯದರಲ್ಲಿ ಈ ಯಾವ ಶ್ರಮವೂ ಇರುವುದಿಲ್ಲ. ತಲೆ ತಗ್ಗಿಸಿದ ಕೂಡಲೇ, ತಿಂದ ಆಹಾರ ಜೀರ್ಣವಾಗದೆ, ಕೆಲವೊಮ್ಮೆ ಕೊಳವೆಯ ಆಕಾರದಲ್ಲಿಯೇ, ಹೊರಗೆ ಜಾರುತ್ತದೆ. ಇದು ಅನ್ನನಾಳದ ತೊಂದರೆ, ಹೊಟ್ಟೆಯದ್ದಲ್ಲ. ಇಂಥ ನಾಯಿಗೆ ಅಸಿಡಿಟಿಯ ಔಷಧಿ ಕೊಡುತ್ತಾ ಕೂತರೆ ಸಮಯ ಹಾಳಾಗುವುದಲ್ಲದೆ, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವೂ ಇರುತ್ತದೆ.

ಮೂರನೆಯದು ಚಿಕ್ಕ ನಾಯಿಗಳಿಗೇ ವಿಶೇಷವಾದದ್ದು, ಮತ್ತು ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವಂಥದ್ದು. ಪಾಮರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾಗಳಲ್ಲಿ ಶ್ವಾಸನಾಳದ ಮೃದ್ವಸ್ಥಿ ಸಡಿಲವಾಗಿ ನಾಳವು ಚಪ್ಪಟೆಯಾಗುವ ತೊಂದರೆ ಸಾಮಾನ್ಯ. ಖುಷಿಯಿಂದ ಕುಣಿದಾಗ, ಕುತ್ತಿಗೆಪಟ್ಟಿ ಎಳೆದಾಗ, ನೀರು ಕುಡಿದಾಗ ನಾಯಿ ಬಾತುಕೋಳಿ ಕೂಗಿದಂತೆ ಕೆಮ್ಮಿ, ಕೊನೆಗೆ ಓಕರಿಸಿ ಸ್ವಲ್ಪ ಬಿಳಿ ನೊರೆಯನ್ನು ಕಕ್ಕುತ್ತದೆ. ನೋಡುವವರಿಗೆ ಕಾಣುವುದು ಆ ನೊರೆ ಮಾತ್ರ, ಆದ್ದರಿಂದ ಹೊಟ್ಟೆಯ ಕಾಯಿಲೆಯೆಂದು ಚಿಕಿತ್ಸೆ ನಡೆಯುತ್ತಲೇ ಇರುತ್ತದೆ. ಗೊಂದಲವಿದ್ದರೆ ಮೊಬೈಲಿನಲ್ಲಿ ಪೂರ್ಣ ಘಟನೆಯನ್ನು, ನೊರೆ ಬೀಳುವುದಕ್ಕೂ ಮೊದಲಿನಿಂದ, ಚಿತ್ರೀಕರಿಸಿ ವೈದ್ಯರಿಗೆ ತೋರಿಸುವುದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೊಂದಿಲ್ಲ. ಕೆಮ್ಮಿನಿಂದಲೇ ಬಂದದ್ದೆಂದು ತಿಳಿದರೆ ಕುತ್ತಿಗೆಪಟ್ಟಿಯ ಬದಲು ಎದೆಪಟ್ಟಿ ಹಾಕುವುದು ಮತ್ತು ತೂಕ ಇಳಿಸುವುದು ಮೊದಲ ಕೆಲಸವಾಗುತ್ತದೆ.

ಭೇದಿಯಲ್ಲಿಯೂ ಇಂಥದೇ ಒಂದು ವಿಂಗಡಣೆಯಿದೆ. ದಿನಕ್ಕೆ ಎರಡು ಮೂರು ಸಲ ಮಾತ್ರ ಹೋಗುತ್ತಾ, ಪ್ರತಿ ಸಲವೂ ಹೆಚ್ಚು ಪ್ರಮಾಣದಲ್ಲಿ ನೀರಾಗಿ ಹೋಗುತ್ತಿದ್ದು, ತೂಕ ಇಳಿಯುತ್ತಿದ್ದರೆ ತೊಂದರೆ ಸಣ್ಣ ಕರುಳಿನಲ್ಲಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಆಹಾರದ ಸಾರ ಹೀರಲ್ಪಡುವುದು ಅಲ್ಲಿಯೇ. ಮತ್ತೆ ಮತ್ತೆ ಅವಸರದಿಂದ ಬಾಗಿಲಿಗೆ ಓಡಿ, ಮುಕ್ಕರಿದು, ಚಮಚದಷ್ಟೇ ಮಲವನ್ನು ಲೋಳೆ ಅಥವಾ ಹಸಿ ರಕ್ತದ ಗೆರೆಯೊಂದಿಗೆ ಹಾಕುತ್ತಿದ್ದು, ತೂಕ ಮತ್ತು ಚಟುವಟಿಕೆ ಮೊದಲಿನಂತೆಯೇ ಇದ್ದರೆ ತೊಂದರೆ ದೊಡ್ಡ ಕರುಳಿನದು. ಮುಕ್ಕರಿಯುವುದನ್ನು ನೋಡಿ ಅನೇಕರು ಮಲಬದ್ಧತೆಯೆಂದು ಭಾವಿಸಿ ಎಣ್ಣೆ ಕುಡಿಸುತ್ತಾರೆ. ಇದರಿಂದ ಉರಿಯೂತದ ಕರುಳು ಇನ್ನಷ್ಟು ಕೆಡುತ್ತದೆ. ಎರಡೂ ಬಗೆಯ ಲಕ್ಷಣಗಳು ಒಟ್ಟಿಗೆ ಕಾಣುವ ನಾಯಿಗಳೂ ಇವೆ, ಆಗ ತೂಕದ ಇಳಿಕೆಗೆ ಹೆಚ್ಚು ಬೆಲೆ ಕೊಡಬೇಕು.

ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆಯನ್ನು ಕಕ್ಕಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಊಟ ಮಾಡುವ ನಾಯಿಯದು ಬೇರೆಯೇ ಲೆಕ್ಕ. ರಾತ್ರಿ ಬೇಗ ಊಟ ಮುಗಿದು ಹೊಟ್ಟೆ ಬಹಳ ಹೊತ್ತು ಖಾಲಿಯಿದ್ದಾಗ ಪಿತ್ತರಸ ಹಿಮ್ಮುಖವಾಗಿ ಹರಿದು ಹೊಟ್ಟೆಯನ್ನು ಕೆಣಕುತ್ತದೆ. ಮಲಗುವ ಮುನ್ನ ದಿನದ ಪಾಲಿನಿಂದಲೇ ಸ್ವಲ್ಪ ಆಹಾರವನ್ನು ಉಳಿಸಿ ಕೊಟ್ಟು ಒಂದು ವಾರ ನೋಡಬೇಕು. ಅಷ್ಟರಿಂದಲೇ ನಿಂತರೆ ಮುಂದಿನ ಪರೀಕ್ಷೆಗಳ ಅಗತ್ಯ ಬೀಳುವುದಿಲ್ಲ.

ಬರೆದಿಡುವ ಪುಸ್ತಕ ಮತ್ತು ತಕ್ಕಡಿ

ಮರಳಿ ಮರಳಿ ಬರುವ ತೊಂದರೆಯಲ್ಲಿ ಮನೆಯವರ ನೆನಪು ಸಾಕ್ಷಿಯಾಗಲಾರದು. ನಾಯಿ ಏನು ತಿಂದಿತು, ಯಾವಾಗ, ಯಾರು ಕೊಟ್ಟರು, ಮಲ ಹೇಗಿತ್ತು, ಯಾವ ಔಷಧಿ ಯಾವ ದಿನ ಆರಂಭವಾಗಿ ಯಾವ ದಿನ ನಿಂತಿತು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ದಿನವೂ ಬರೆಯಬೇಕು. ಮಲವನ್ನು ವರ್ಣಿಸುವ ಬದಲು ಪಶುವೈದ್ಯರು ಬಳಸುವಂತೆ 1ರಿಂದ 7ರವರೆಗೆ ಅಂಕ ಕೊಡುವುದು ಅನುಕೂಲ: 1 ಎಂದರೆ ಒಣಗಿದ ಗಟ್ಟಿ ಉಂಡೆ, 2 ಎಂದರೆ ಆಕಾರವಿದ್ದು ಎತ್ತಿದಾಗ ನೆಲಕ್ಕೆ ಅಂಟದಿರುವುದು, 7 ಎಂದರೆ ಆಕಾರವೇ ಇಲ್ಲದ ನೀರು. ತಿಂಗಳ ಪುಟವನ್ನು ಒಟ್ಟಿಗೆ ನೋಡಿದಾಗ ಪ್ರತಿ ಭಾನುವಾರದ ಬಾಡೂಟದ ಮರುದಿನ ಅಂಕ 6ಕ್ಕೆ ಏರಿರುವುದೋ, ಪ್ರತಿ ಸಲ ಊರಿಗೆ ಹೋಗಿ ಬಂದ ಮೇಲೆ ವಾಂತಿಯಾಗಿರುವುದೋ ತಾನಾಗಿ ಎದ್ದು ಕಾಣುತ್ತದೆ.

ತೂಕದ ವಿಷಯದಲ್ಲಿ ಚಿಕ್ಕ ನಾಯಿಗೆ ವಿಶೇಷ ಎಚ್ಚರ ಬೇಕು. 4 ಕಿಲೋ ನಾಯಿ 400 ಗ್ರಾಂ ಕಳೆದುಕೊಂಡರೆ ದೇಹದ ಹತ್ತನೆಯ ಒಂದು ಪಾಲು ಹೋದಂತೆ. ಉದ್ದ ಕೂದಲಿನ ಪಾಮರೇನಿಯನ್‌ನಲ್ಲಿ ಇದು ಕಣ್ಣಿಗೆ ಕಾಣುವುದೇ ಇಲ್ಲ. ಮನುಷ್ಯರು ನಿಲ್ಲುವ ತೂಕಯಂತ್ರದಲ್ಲಿ ನಾಯಿಯನ್ನು ಎತ್ತಿಕೊಂಡು ನಿಂತು ಕಳೆದು ನೋಡುವ ವಿಧಾನದಲ್ಲಿ ಇನ್ನೂರು ಗ್ರಾಂಗಳ ಏರುಪೇರು ಸುಲಭವಾಗಿ ಬರುವುದರಿಂದ, ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ವಾರಕ್ಕೊಮ್ಮೆ ತೂಗುವುದು ಹೆಚ್ಚು ನಂಬಿಕೆಗೆ ಅರ್ಹ. ಹುಳುವಿನ ಔಷಧಿಯಿಂದ ಹಿಡಿದು ಎಲ್ಲದರ ಪ್ರಮಾಣವೂ ತೂಕದ ಮೇಲೆ ನಿಲ್ಲುವುದರಿಂದ ಈ ಶ್ರಮ ವ್ಯರ್ಥವಾಗುವುದಿಲ್ಲ. ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಗುದದ್ವಾರದಲ್ಲಿ ತಾಪವನ್ನೂ ನೋಡಿ ಬರೆಯಬಹುದು. ನಾಯಿಯ ಸಹಜ ತಾಪ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಆದ್ದರಿಂದ ನಮಗೆ ಜ್ವರವೆನಿಸುವ ಅಂಕ ಅದಕ್ಕೆ ಜ್ವರವಲ್ಲ.

ತಟ್ಟೆಯ ಲೆಕ್ಕ

ಕಾರಣ ಹುಡುಕುವವರು ಮೊದಲು ನೋಡಬೇಕಾದದ್ದು ಆಹಾರ, ಏಕೆಂದರೆ ಅದನ್ನು ಪರೀಕ್ಷಿಸಲು ಖರ್ಚಿಲ್ಲ ಮತ್ತು ಹೆಚ್ಚಿನ ಉತ್ತರಗಳು ಅಲ್ಲಿಯೇ ಸಿಗುತ್ತವೆ. 4 ಕಿಲೋ ತೂಕದ ನಾಯಿ ಸುಮ್ಮನೆ ಮಲಗಿದ್ದಾಗ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಓಡಾಡುವ ವಯಸ್ಕ ನಾಯಿಗೆ ಸುಮಾರು 300. ಚಹಾದ ಜೊತೆ ತಿನ್ನುವ ಸಾಧಾರಣ ಗ್ಲೂಕೋಸ್ ಬಿಸ್ಕತ್ತೊಂದರಲ್ಲಿ 20ರಿಂದ 25 ಕ್ಯಾಲೊರಿ ಇರುತ್ತದೆ. ಮನೆಯ ನಾಲ್ವರು ತಲಾ ಒಂದೊಂದು ಬಿಸ್ಕತ್ತು ಕೊಟ್ಟರೆ ದಿನದ ಆಹಾರದ ಮೂರನೆಯ ಒಂದು ಪಾಲಿನಷ್ಟು ಸಕ್ಕರೆ, ಮೈದಾ ಮತ್ತು ಎಣ್ಣೆಯೇ ಆಯಿತು. ವೈದ್ಯರು ಏನು ತಿನ್ನಿಸುತ್ತೀರಿ ಎಂದು ಕೇಳಿದಾಗ ಈ ಬಿಸ್ಕತ್ತನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಯಾರಿಗೂ ಅದು ಊಟವೆನಿಸಿರುವುದಿಲ್ಲ. ತಿಂಡಿ ತಿನಿಸು ದಿನದ ಕ್ಯಾಲೊರಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು ಎಂಬ ನಿಯಮವನ್ನು ಈ ನಾಯಿಗೆ ಅನ್ವಯಿಸಿದರೆ ದಿನಕ್ಕೆ ಸಿಗುವುದು ಒಂದು ಬಿಸ್ಕತ್ತು ಮಾತ್ರ.

ಹಾಲು ಇನ್ನೊಂದು ಸಾಮಾನ್ಯ ಕಾರಣ. ಮರಿ ದೊಡ್ಡದಾಗುತ್ತಾ ಹೋದಂತೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕಡಿಮೆಯಾಗುತ್ತದೆ, ಜೀರ್ಣವಾಗದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿ ಮಾಡುತ್ತದೆ. ಮೊಸರಿನಲ್ಲಿ ಈ ಸಕ್ಕರೆಯ ಒಂದು ಭಾಗ ಹುಳಿಯಾಗಿರುವುದರಿಂದ ಮೊಸರನ್ನವನ್ನು ಸಹಿಸುವ ನಾಯಿಗಳು ಬಹಳ. ಆದರೆ ಹಾಲಿನ ಪ್ರೋಟೀನ್‌ಗೇ ಒಗ್ಗದ ನಾಯಿಗೆ ಮೊಸರೂ ಒಗ್ಗುವುದಿಲ್ಲ, ಮತ್ತು ಬರೀ ಮೊಸರನ್ನದಲ್ಲಿ ಬೆಳೆಯುವ ನಾಯಿಗೆ ಪ್ರೋಟೀನ್ ಸಾಲುವುದಿಲ್ಲ. ಹೊಟ್ಟೆಗೆ ತಂಪೆಂದು ಮೊಸರನ್ನ ಹಾಕುತ್ತಲೇ ಇರುವ ಮನೆಯಲ್ಲಿ ಭೇದಿ ನಿಲ್ಲದಿದ್ದರೆ, ಹಾಲು, ಮೊಸರು, ಮಜ್ಜಿಗೆ, ತುಪ್ಪ, ಪನೀರ್ ಎಲ್ಲವನ್ನೂ ಎರಡು ವಾರ ಪೂರ್ಣವಾಗಿ ನಿಲ್ಲಿಸಿ ನೋಡುವುದು ಅತಿ ಸರಳವಾದ ಮೊದಲ ಪ್ರಯೋಗ.

ಹಬ್ಬದ ಮರುದಿನದ ವಾಂತಿಯನ್ನು ಹಗುರವಾಗಿ ಎಣಿಸಬಾರದು. ತುಪ್ಪ ಸವರಿದ ಹೋಳಿಗೆ, ಕರಿದ ತಿಂಡಿ, ಕೋಳಿಯ ಚರ್ಮ, ಮಟನ್ ಕೊಬ್ಬು ಇವು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಉರಿಯೂತವನ್ನು ಕೆರಳಿಸಬಲ್ಲವು. ಮಿನಿಯೇಚರ್ ಷ್ನೌಜರ್ ಮತ್ತು ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಇದರ ಒಲವು ಹೆಚ್ಚು, ಕೊಬ್ಬಿದ ಯಾವ ಚಿಕ್ಕ ನಾಯಿಗೂ ಅಪಾಯವಿದೆ. ಮುಂಗಾಲು ಚಾಚಿ ಎದೆಯನ್ನು ನೆಲಕ್ಕೊತ್ತಿ, ಹಿಂಭಾಗವನ್ನು ಮಾತ್ರ ಎತ್ತಿ ಬಹಳ ಹೊತ್ತು ನಿಲ್ಲುವುದು ಹೊಟ್ಟೆನೋವಿನ ಭಂಗಿ. ಅದನ್ನು ಮೈಮುರಿಯುವುದೆಂದು ತಿಳಿಯಬಾರದು. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ, ಆದ್ದರಿಂದ ಸಾರು ಕಲಸಿದ ಅನ್ನ ಮತ್ತು ಪಾಯಸದ ಉಳಿಕೆ ಎರಡೂ ಅದರ ತಟ್ಟೆಗೆ ಬರಬಾರದು.

ಆಹಾರದ ಬದಲಾವಣೆಯ ವೇಗವನ್ನೂ ನೋಡಬೇಕು. ಮನೆಯ ಊಟದಿಂದ ಪ್ಯಾಕೆಟ್ ಆಹಾರಕ್ಕೋ, ಒಂದು ಪ್ಯಾಕೆಟ್‌ನಿಂದ ಇನ್ನೊಂದಕ್ಕೋ ಬದಲಿಸುವಾಗ 7ರಿಂದ 10 ದಿನಗಳಲ್ಲಿ ಹಳೆಯದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗಬೇಕು. ಭೇದಿಯಾಯಿತೆಂದು ಪ್ರತಿ ಸಲ ಹೊಸ ಪ್ಯಾಕೆಟ್ ತರುವ ಮನೆಯಲ್ಲಿ ಈ ಬದಲಾವಣೆಯೇ ಮುಂದಿನ ಭೇದಿಗೆ ಕಾರಣವಾಗುತ್ತಿರುತ್ತದೆ.

ಹುಳು ಇಲ್ಲವೆಂದ ಮಾತ್ರಕ್ಕೆ ಇಲ್ಲವಲ್ಲ

ಮೂರು ತಿಂಗಳಿಗೊಮ್ಮೆ ಮಾತ್ರೆ ಹಾಕುತ್ತಿದ್ದೇವೆ ಎಂಬ ಉತ್ತರದಿಂದ ಜಂತುಹುಳುವಿನ ವಿಚಾರ ಮುಗಿಯುವುದಿಲ್ಲ. ದುಂಡುಹುಳು ಮತ್ತು ಕೊಕ್ಕೆಹುಳುಗಳಿಗೆ ಹೆಚ್ಚಿನ ಮಾತ್ರೆಗಳು ಕೆಲಸ ಮಾಡುತ್ತವೆ, ಆದರೆ ದೊಡ್ಡ ಕರುಳಿನಲ್ಲಿ ಕೂತು ಲೋಳೆ–ರಕ್ತದ ಭೇದಿಯನ್ನು ಬಿಟ್ಟು ಬಿಟ್ಟು ಉಂಟುಮಾಡುವ ಚಾಟಿಹುಳುವಿಗೆ ಪೈರಾಂಟೆಲ್ ಮತ್ತು ಪ್ರಾಜಿಕ್ವಾಂಟೆಲ್ ಮಾತ್ರ ಇರುವ ಔಷಧಿ ಸಾಲದು. ಫೆನ್‌ಬೆಂಡಜೋಲ್ ಅಥವಾ ಫೆಬಾಂಟೆಲ್ ಇರುವುದು ಬೇಕು. ಚಾಟಿಹುಳು ದೇಹ ಸೇರಿ ಮೊಟ್ಟೆಯಿಡಲು ಸುಮಾರು ಮೂರು ತಿಂಗಳು ತೆಗೆದುಕೊಳ್ಳುತ್ತದೆ ಮತ್ತು ದಿನವೂ ಮೊಟ್ಟೆ ಹಾಕುವುದಿಲ್ಲ, ಆದ್ದರಿಂದ ಮಲಪರೀಕ್ಷೆಯಲ್ಲಿ ಕಾಣದಿದ್ದರೂ ಅದು ಇರಬಹುದು. ಮಣ್ಣಿನಲ್ಲಿ ಅದರ ಮೊಟ್ಟೆಗಳು ವರ್ಷಗಟ್ಟಲೆ ಜೀವಂತವಾಗಿರುತ್ತವೆ. ವೈದ್ಯರು ಫೆನ್‌ಬೆಂಡಜೋಲನ್ನು ಕೆಲವು ದಿನ ಸತತವಾಗಿ ಕೊಡಿಸಿ, ವಾರಗಳ ನಂತರ ಮತ್ತೆ ಕೊಡಿಸುವುದು ಇದೇ ಕಾರಣಕ್ಕಾಗಿ.

ಜಿಯಾರ್ಡಿಯಾ ಎಂಬ ಏಕಕೋಶ ಜೀವಿಯದು ಇನ್ನೊಂದು ಕಥೆ. ನಿಂತ ನೀರು ಕುಡಿಯುವ, ಮಳೆಗಾಲದಲ್ಲಿ ತೇವದ ಹುಲ್ಲಿನ ಮೇಲೆ ಆಡುವ, ಇಲ್ಲವೇ ಹತ್ತಾರು ನಾಯಿಗಳೊಂದಿಗೆ ಬೋರ್ಡಿಂಗ್‌ನಲ್ಲಿ ಇದ್ದು ಬಂದ ನಾಯಿಯ ಮಲ ಮೆದುವಾಗಿ, ಜಿಡ್ಡಾಗಿ, ವಿಪರೀತ ನಾರುತ್ತಿದ್ದರೆ ಇದನ್ನು ಅನುಮಾನಿಸಬೇಕು. ಒಂದೇ ದಿನದ ಮಾದರಿಯಲ್ಲಿ ಇದು ತಪ್ಪಿಸಿಕೊಳ್ಳುವುದು ಸಾಮಾನ್ಯವಾದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ಕೊಡಬೇಕು ಅಥವಾ ಆಂಟಿಜೆನ್ ಪರೀಕ್ಷೆ ಮಾಡಿಸಬೇಕು. ಮಾದರಿಯನ್ನು ಮಣ್ಣು ತಾಗದ ಮೇಲ್ಭಾಗದಿಂದ ತೆಗೆದು, ಸ್ವಚ್ಛ ಡಬ್ಬಿಯಲ್ಲಿ ಮುಚ್ಚಿ, ಕೆಲವು ಗಂಟೆಗಳೊಳಗೆ ತಲುಪಿಸಬೇಕು. ಬಿಸಿಲಿನಲ್ಲಿ ಒಣಗಿದ ಮಲದಿಂದ ಉಪಯೋಗವಿಲ್ಲ. ಚಿಕಿತ್ಸೆಯ ಕೊನೆಯ ದಿನ ನಾಯಿಗೆ, ಮುಖ್ಯವಾಗಿ ಹಿಂಭಾಗದ ಉದ್ದ ಕೂದಲಿಗೆ, ಚೆನ್ನಾಗಿ ಸೋಪು ಹಾಕಿ ಸ್ನಾನ ಮಾಡಿಸಿ, ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಹಾಕದಿದ್ದರೆ, ಕೂದಲಿಗೆ ಅಂಟಿದ ಸಿಸ್ಟ್‌ಗಳನ್ನು (ಗಟ್ಟಿ ಹೊದಿಕೆಯೊಳಗಿರುವ ಜಿಯಾರ್ಡಿಯಾ) ನಾಯಿ ನೆಕ್ಕಿಕೊಂಡು ಕಾಯಿಲೆಯನ್ನು ಮತ್ತೆ ತಂದುಕೊಳ್ಳುತ್ತದೆ. ಮಾತ್ರೆ ಕೆಲಸ ಮಾಡಲಿಲ್ಲವೆಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಸ್ನಾನದ ಕೊರತೆ. ಅಕ್ಕಿಕಾಳಿನಂಥ ತುಣುಕುಗಳು ಗುದದ ಸುತ್ತ ಕಂಡರೆ ಅದು ಚಿಗಟದ ಮೂಲಕ ಬರುವ ಲಾಡಿಹುಳು, ಚಿಗಟವನ್ನು ನಿರ್ಮೂಲ ಮಾಡದೆ ಅದು ಹೋಗುವುದಿಲ್ಲ.

ಮಾತ್ರೆಯ ಪ್ರಮಾಣದಲ್ಲಿಯೂ ಎಚ್ಚರವಿರಲಿ. ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಹಲವು 10 ಕಿಲೋ ತೂಕಕ್ಕೆ ಒಂದು ಎಂಬ ಲೆಕ್ಕದವು, ಆದ್ದರಿಂದ ಚಿಕ್ಕ ನಾಯಿಗೆ ಇಡೀ ಮಾತ್ರೆ ಹೆಚ್ಚಾಗುತ್ತದೆ. ಕೊಕ್ಕೆಹುಳುವಿನ ಮರಿಗಳು ಮನುಷ್ಯರ ಪಾದದ ಚರ್ಮದಲ್ಲಿಯೂ ತೂರಬಲ್ಲವು, ಆದ್ದರಿಂದ ಮಕ್ಕಳು ಬರಿಗಾಲಿನಲ್ಲಿ ಆಡುವ ಅಂಗಳದಲ್ಲಿ ನಾಯಿಯ ಮಲವನ್ನು ಅಂದಂದೇ ತೆಗೆದುಹಾಕಬೇಕು.

ಹೊಟ್ಟೆಯ ಹೊರಗಿನ ಕಾರಣಗಳು

ಆಹಾರ ಮತ್ತು ಹುಳು ಎರಡನ್ನೂ ಸರಿಯಾಗಿ ನೋಡಿಯೂ ತೊಂದರೆ ಮರಳಿ ಬರುತ್ತಿದ್ದರೆ, ರಕ್ತಪರೀಕ್ಷೆಯಿಲ್ಲದೆ ಮುಂದೆ ಹೋಗಬಾರದು. ಹೊಟ್ಟೆ ಕೆಡುವುದಕ್ಕೆ ಹೊಟ್ಟೆಯೇ ಕಾರಣವಾಗಬೇಕಿಲ್ಲ: ಮೂತ್ರಪಿಂಡ, ಯಕೃತ್ತು, ಮೂತ್ರಪಿಂಡದ ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿಗಳ ಕಾಯಿಲೆಗಳೂ ವಾಂತಿ–ಭೇದಿಯ ವೇಷದಲ್ಲಿಯೇ ಬರುತ್ತವೆ. ನಮ್ಮ ನಾಡಿನಲ್ಲಿ ಉಣ್ಣೆ ಹುಳುವಿನ ಕಡಿತದಿಂದ ಬರುವ ಎರ್ಲಿಕಿಯಾ ಜ್ವರವೂ ಊಟ ಬಿಡುವುದು, ವಾಂತಿ, ರಕ್ತಸ್ರಾವದಿಂದ ಶುರುವಾಗಬಹುದು, ಆದ್ದರಿಂದ ಪ್ಲೇಟ್‌ಲೆಟ್ ಎಣಿಕೆಯನ್ನು ನೋಡಲೇಬೇಕು.

ಇವುಗಳಲ್ಲಿ ಅಡ್ರಿನಲ್ ಗ್ರಂಥಿಯ ಕೊರತೆಯನ್ನು, ಅಂದರೆ ಅಡಿಸನ್ ಕಾಯಿಲೆಯನ್ನು, ಪ್ರತ್ಯೇಕವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಪದೇ ಪದೇ ಹೊಟ್ಟೆ ಕೆಡುವ ನಾಯಿಗಳ ನಡುವೆ ಅದು ವರ್ಷಗಟ್ಟಲೆ ಅಡಗಿರಬಲ್ಲದು. ದೀಪಾವಳಿಯ ಪಟಾಕಿ, ಮನೆಗೆ ಬಂದ ನೆಂಟರು, ದೂರದ ಕಾರು ಪ್ರಯಾಣ, ಬೋರ್ಡಿಂಗ್ ಇಂಥ ಒತ್ತಡದ ಬೆನ್ನಿಗೇ ವಾಂತಿ, ಭೇದಿ, ನಿಶ್ಶಕ್ತಿ ಬಂದು, ಡ್ರಿಪ್ ಹಾಕಿದ ಕೂಡಲೇ ನಾಯಿ ಅಚ್ಚರಿಯಾಗುವಷ್ಟು ಬೇಗ ಚೇತರಿಸಿಕೊಂಡರೆ ಇದನ್ನು ಅನುಮಾನಿಸಬೇಕು. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿರುವುದು ಇದರ ಹೆಗ್ಗುರುತು, ಆದರೆ ಕೆಲವು ನಾಯಿಗಳಲ್ಲಿ ಇವೆರಡೂ ಸಹಜವಾಗಿಯೇ ಇರುತ್ತವೆ. ಈ ಗ್ರಂಥಿ ಸ್ರವಿಸುವ ಕಾರ್ಟಿಸಾಲ್ ಹಾರ್ಮೋನಿನ ಒಂದು ಸರಳ ರಕ್ತಪರೀಕ್ಷೆಯಲ್ಲಿ ಅಂಕ ಡೆಸಿಲೀಟರಿಗೆ 2 ಮೈಕ್ರೊಗ್ರಾಂ ಮೀರಿದ್ದರೆ ಈ ಕಾಯಿಲೆಯನ್ನು ಬಹುಮಟ್ಟಿಗೆ ಪಟ್ಟಿಯಿಂದ ತೆಗೆಯಬಹುದು. ಕಡಿಮೆಯಿದ್ದರೆ ಮುಂದಿನ ಪರೀಕ್ಷೆ ಬೇಕು. ಈ ರಕ್ತ ತೆಗೆಯುವ ಮುನ್ನ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಕೊಟ್ಟಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಹಿಂದಿನ ಆಸ್ಪತ್ರೆಯಲ್ಲಿ ಹಾಕಿದ ಇಂಜೆಕ್ಷನ್ ಯಾವುದೆಂದು ಚೀಟಿಯಲ್ಲಿ ಬರೆಸಿಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಊಟವಾದ ಮೇಲೆ ಮಂಕಾಗುವ, ಗೋಡೆಗೆ ತಲೆಯೊತ್ತುವ, ಒಡಹುಟ್ಟಿದ ಮರಿಗಳಿಗಿಂತ ಕುಳ್ಳಾಗಿಯೇ ಉಳಿದ ಎಳೆಯ ಯಾರ್ಕ್‌ಶೈರ್, ಮಾಲ್ಟೀಸ್ ಅಥವಾ ಶಿತ್ಸುವಿನಲ್ಲಿ ಕರುಳಿನ ರಕ್ತ ಯಕೃತ್ತನ್ನು ಬಿಟ್ಟು ಬೇರೆ ದಾರಿಯಲ್ಲಿ ಹರಿಯುವ ಹುಟ್ಟುದೋಷವಿರಬಹುದು. ಊಟಕ್ಕೆ ಮೊದಲು ಮತ್ತು ಎರಡು ಗಂಟೆಯ ನಂತರ ರಕ್ತದಲ್ಲಿ ಪಿತ್ತಾಮ್ಲಗಳನ್ನು ಅಳೆದು ಇದನ್ನು ಗುರುತಿಸುತ್ತಾರೆ. ಮೇದೋಜೀರಕದ ಉರಿಯೂತಕ್ಕೆ ಅದಕ್ಕೇ ಮೀಸಲಾದ ಲೈಪೇಸ್ ಪರೀಕ್ಷೆಯಿದೆ. ಸಾಧಾರಣ ಅಮೈಲೇಸ್ ಅಂಕವನ್ನು ನಂಬಿ ತೀರ್ಮಾನಕ್ಕೆ ಬರಬಾರದು. ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದಿದ್ದರೆ, ಅದರಲ್ಲಿಯೂ ಯಾರ್ಕ್‌ಶೈರ್ ಟೆರಿಯರ್‌ನಲ್ಲಿ, ಕರುಳಿನ ಮೂಲಕ ಪ್ರೋಟೀನ್ ಸೋರುತ್ತಿರಬಹುದು; ಹೊಟ್ಟೆಯಲ್ಲಿ ನೀರು ತುಂಬುವ ಹಂತಕ್ಕೆ ಹೋಗುವ ಮುನ್ನ ಅದನ್ನು ಹಿಡಿಯಬೇಕು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಈ ಎಲ್ಲ ಪರೀಕ್ಷೆಗಳು ದೊರೆಯದಿದ್ದಾಗ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹಿಂದಿನ ಎಲ್ಲ ಚೀಟಿಗಳನ್ನೂ ದಿನಚರಿಯ ಪುಸ್ತಕವನ್ನೂ ತೆಗೆದುಕೊಂಡು ಹೋಗುವುದು ಒಳ್ಳೆಯದು.

ಆಹಾರದ ಪ್ರಯೋಗವನ್ನು ಪ್ರಯೋಗವೆಂದೇ ನಡೆಸುವುದು

ರಕ್ತ ಮತ್ತು ಮಲದ ಪರೀಕ್ಷೆಗಳು ಸರಿಯಿದ್ದು, ನಾಯಿ ಚಟುವಟಿಕೆಯಿಂದಿದ್ದರೂ ಭೇದಿ ಮರಳಿ ಬರುತ್ತಿದ್ದರೆ ಮುಂದಿನ ಹೆಜ್ಜೆ ಎಂಡೋಸ್ಕೋಪಿಯಲ್ಲ, ಕಟ್ಟುನಿಟ್ಟಾದ ಆಹಾರದ ಪ್ರಯೋಗ. ದೀರ್ಘಕಾಲದ ಕರುಳಿನ ತೊಂದರೆಯಿರುವ ನಾಯಿಗಳಲ್ಲಿ ದೊಡ್ಡ ಪಾಲು ಸರಿಯಾದ ಆಹಾರವೊಂದರಿಂದಲೇ ಸುಧಾರಿಸುತ್ತವೆ. ನಾಯಿಗಳಲ್ಲಿ ಹೆಚ್ಚಾಗಿ ಒಗ್ಗದೆ ಹೋಗುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿ. ಬಿಳಿ ಅನ್ನ ಮತ್ತು ಬೇಯಿಸಿದ ಕೋಳಿ ಒಂದು ದಿನದ ಭೇದಿಗೆ ಒಳ್ಳೆಯ ಪಥ್ಯವೇ ಹೌದು, ಆದರೆ ಕೋಳಿಯೇ ಒಗ್ಗದ ನಾಯಿಗೆ ಪ್ರತಿ ಸಲ ಅದನ್ನೇ ಪಥ್ಯವೆಂದು ಕೊಟ್ಟರೆ ರೋಗವನ್ನೇ ಬಡಿಸಿದಂತಾಗುತ್ತದೆ.

ಪ್ರಯೋಗಕ್ಕೆ ಎರಡು ದಾರಿಗಳಿವೆ. ಪ್ರೋಟೀನನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ, ವೈದ್ಯರ ಚೀಟಿಯ ಮೇಲೆ ಕೊಳ್ಳುವ ಆಹಾರ ಒಂದು. ನಾಯಿ ಈ ತನಕ ತಿಂದೇ ಇರದ ಒಂದು ಪ್ರೋಟೀನ್ ಮತ್ತು ಒಂದು ಪಿಷ್ಟವನ್ನು ಮನೆಯಲ್ಲಿ ಬೇಯಿಸುವುದು ಇನ್ನೊಂದು, ಉದಾಹರಣೆಗೆ ಮುಳ್ಳು ತೆಗೆದ ಮೀನು ಮತ್ತು ಸಿಹಿಗೆಣಸು, ಉಪ್ಪು ಮಸಾಲೆ ಎಣ್ಣೆ ಯಾವುದೂ ಇಲ್ಲದೆ. ಮೀನು ಮಾಂಸ ಬೇಯಿಸದ ಮನೆಯವರಿಗೆ ಮೊದಲನೆಯ ದಾರಿಯೇ ಸುಲಭ. ಮನೆಯ ಈ ಊಟದಲ್ಲಿ ಸುಣ್ಣದ ಅಂಶ ಮತ್ತು ಜೀವಸತ್ವಗಳು ಸಾಲದಿರುವುದರಿಂದ ವಯಸ್ಕ ನಾಯಿಗೆ ಕೆಲವು ವಾರಗಳ ಮಟ್ಟಿಗೆ ಮಾತ್ರ ಅದು ಸರಿ, ಬೆಳೆಯುವ ಮರಿಗೆ ಸಲ್ಲದು.

ಪ್ರಯೋಗ ಸೋಲುವುದು ಆಹಾರದಿಂದಲ್ಲ, ಕದ್ದು ಕೊಡುವ ಕೈಗಳಿಂದ. ಆ ಅವಧಿಯಲ್ಲಿ ಬೇರೆ ಒಂದು ತುತ್ತೂ ಕೂಡದು: ಬಿಸ್ಕತ್ತಿಲ್ಲ, ಮೊಸರಿಲ್ಲ, ಜಗಿಯುವ ಎಲುಬಿಲ್ಲ, ಮಾಂಸದ ರುಚಿ ಸೇರಿಸಿದ ಉಣ್ಣೆಯ ಮಾತ್ರೆಯಿಲ್ಲ, ಔಷಧಿಯನ್ನು ಬೆಣ್ಣೆಯಲ್ಲಿ ಅದ್ದಿ ನುಂಗಿಸುವುದೂ ಇಲ್ಲ. ಮನೆಯ ಅಜ್ಜಿ, ಕೆಲಸಕ್ಕೆ ಬರುವವರು, ಪಕ್ಕದ ಮನೆಯ ಮಕ್ಕಳು ಎಲ್ಲರಿಗೂ ಕಾರಣ ಸಹಿತ ತಿಳಿಸಿ ಹೇಳಬೇಕು. ನಾಯಿಯ ಮೇಲಿನ ಪ್ರೀತಿಯಿಂದಲೇ ಕೊಡುವವರಿಗೆ ಗದರಿಕೆಯಿಂದ ಪ್ರಯೋಜನವಿಲ್ಲ, ಆಹಾರದ ಪಾಲಿನಿಂದಲೇ ಒಂದಿಷ್ಟು ತೆಗೆದಿಟ್ಟು ಅವರ ಕೈಯಿಂದ ಕೊಡಿಸಿದರೆ ಇಬ್ಬರಿಗೂ ಸಮಾಧಾನ. ಹೊಟ್ಟೆಯ ತೊಂದರೆ ಆಹಾರದಿಂದಲೇ ಆಗಿದ್ದರೆ ಸಾಮಾನ್ಯವಾಗಿ ಎರಡು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಚರ್ಮದ ತುರಿಕೆಯೂ ಇದ್ದರೆ ಎಂಟು ವಾರ ಬೇಕು. ಸುಧಾರಿಸಿದ ಮೇಲೆ ಹಳೆಯ ಪದಾರ್ಥವನ್ನು ಒಂದೊಂದಾಗಿ ಮರಳಿ ಕೊಟ್ಟು ನೋಡಿದಾಗ, ಕೆಲವು ದಿನಗಳೊಳಗೆ ಭೇದಿ ಮರುಕಳಿಸಿದ ಪದಾರ್ಥವೇ ಕಾರಣವೆಂದು ಖಚಿತವಾಗುತ್ತದೆ. ಈ ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಭಯದಿಂದ ಬಿಡುತ್ತಾರೆ, ಆದರೆ ಅದಿಲ್ಲದೆ ನಾಯಿ ಜೀವನವಿಡೀ ಅನಗತ್ಯವಾದ ಪಥ್ಯದಲ್ಲಿ ಉಳಿಯಬೇಕಾಗುತ್ತದೆ.

ಒಂದು ಆಹಾರ ಫಲಿಸದಿದ್ದರೆ ಬೇರೆ ಬಗೆಯ ಇನ್ನೊಂದನ್ನು, ವಿಶೇಷವಾಗಿ ಕೊಬ್ಬು ಕಡಿಮೆಯಿರುವುದನ್ನು ಅಥವಾ ದೊಡ್ಡ ಕರುಳಿನ ತೊಂದರೆಯಲ್ಲಿ ನಾರಿನಂಶ ಹೆಚ್ಚಿರುವುದನ್ನು, ಪ್ರಯತ್ನಿಸುವುದು ನ್ಯಾಯ. ಜೊತೆಗೆ ವಿಟಮಿನ್ ಬಿ12 ಮಟ್ಟವನ್ನು ನೋಡಿಸಬೇಕು. ಅದು ಕುಸಿದಿದ್ದರೆ ತುಂಬಿಕೊಡುವವರೆಗೂ ಬೇರಾವ ಚಿಕಿತ್ಸೆಯೂ ಪೂರ್ಣವಾಗಿ ಹಿಡಿಯುವುದಿಲ್ಲ. ಅಷ್ಟಾದರೂ ತೂಕ ಇಳಿಯುತ್ತಲೇ ಇದ್ದರೆ, ಇಲ್ಲವೇ ಅಲ್ಬುಮಿನ್ ಕಡಿಮೆಯಿದ್ದರೆ, ಅಲ್ಟ್ರಾಸೌಂಡ್ ಮತ್ತು ಕರುಳಿನ ಬಯಾಪ್ಸಿಯ ಮಾತನ್ನು ವೈದ್ಯರೊಂದಿಗೆ ಎತ್ತಬೇಕು. ಸ್ಟೀರಾಯ್ಡ್ ಬರಬೇಕಾದದ್ದು ಅದರ ನಂತರ. ಬಯಾಪ್ಸಿಗೂ ಮೊದಲೇ ಅದನ್ನು ಆರಂಭಿಸಿದರೆ ಕರುಳಿನ ಕ್ಯಾನ್ಸರ್‌ನ ಗುರುತುಗಳು ಮರೆಯಾಗಬಹುದು. ಆರಂಭಿಸಿದ ಸ್ಟೀರಾಯ್ಡನ್ನು ಮಲದ ಅಂಕ 2ಕ್ಕೆ ಇಳಿದ ಸಂತೋಷದಲ್ಲಿ ಒಮ್ಮೆಲೇ ನಿಲ್ಲಿಸದೆ, ವೈದ್ಯರು ಬರೆದುಕೊಟ್ಟ ಕ್ರಮದಲ್ಲಿ ವಾರಗಳ ಅವಧಿಯಲ್ಲಿ ಇಳಿಸಬೇಕು, ಮತ್ತು ಆ ವಾರಗಳಲ್ಲಿಯೂ ತಕ್ಕಡಿ ಹಾಗೂ ಪುಸ್ತಕವನ್ನು ಬಿಡಬಾರದು.